ಮುಟ್ಟಿ ನಮಸ್ಕಾರ

ಆಕಾಶಕ್ಕೆ ಹಾರಬೇಕಾದ ನೌಕೆಯೊಂದು ನೊರೆಯ ದೆಸೆಯಿಂದ ನೆಲ ಕಚ್ಚಿ ಕೂತಿತ್ತು ಎಂದರೆ ಯಾರಿಗಾದರೂ ನಗು ಬರುತ್ತದೆ. ನಮ್ಮ ಪಾಲಿಗೆ ಅದು ನಗುವ ಸಂಗತಿಯಾಗಿರಲಿಲ್ಲ. ಎಂಜಿನ್ ಸರಿಯಿತ್ತು, ಕಂಪ್ಯೂಟರುಗಳು ಸರಿಯಿದ್ದವು, ಹಾರಲು ಸಿದ್ಧರಾದ ಇಬ್ಬರು ಚಾಲಕರೂ ಕಲ್ಲುಗುಂಡಿನಂತಿದ್ದರು. ಇಂಧನದ ಟ್ಯಾಂಕಿಗೆ ಹೊದಿಸಿದ ಹಳದಿ ನೊರೆ ಮಾತ್ರ ಪ್ರತಿ ಸಲವೂ ಬಿರುಕು ಬಿಡುತ್ತಿತ್ತು. ಆ ನೊರೆಯ ವಿಭಾಗಕ್ಕೆ ಮುಖ್ಯಸ್ಥ ನಾನು, ವಾಮನ ಬಾಳಿಗಾ. ಕಡವಿನಕುದ್ರು ಉಡಾವಣಾ ಕೇಂದ್ರದಲ್ಲಿ ಬೆನ್ನ ಹಿಂದೆ ನನ್ನನ್ನು ನೊರೆ ಬಾಳಿಗ ಎನ್ನುತ್ತಿದ್ದರು. ಆ ವರ್ಷ ಎದುರಿಗೇ ಎನ್ನತೊಡಗಿದರು.

ಹೊಳೆ ಕಡಲು ಸೇರುವಲ್ಲಿ ಎದ್ದ ದ್ವೀಪಕ್ಕೆ ನಮ್ಮ ಕರಾವಳಿಯಲ್ಲಿ ಕುದ್ರು ಎಂದು ಹೆಸರು. ಭೂಮಿಯ ಎರಡು ಧ್ರುವಗಳ ಮೇಲೆ ಸುತ್ತುವ ನಮ್ಮ ನಭೋನೆಲೆಗೆ ಹೋಗಬೇಕಾದ ನೌಕೆ ದಕ್ಷಿಣಕ್ಕೆ ಹಾರಬೇಕು, ಕೆಳಗೆ ಬರೀ ಕಡಲಿರಬೇಕು. ಅದಕ್ಕೆ ಈ ಕುದ್ರು ಹೇಳಿ ಮಾಡಿಸಿದ ಜಾಗವಾಗಿತ್ತು. ಮಳೆಗಾಲ ಮುಗಿಯುತ್ತಾ ಬಂದಿದ್ದಾಗ, ಗಣೇಶನ ಹಬ್ಬ ಕಳೆದ ವಾರ, ನಭೋನೆಲೆಯಲ್ಲಿ ಬೆಂಕಿ ಬಿತ್ತು. ನೀರಿನಿಂದ ಪ್ರಾಣವಾಯು ತೆಗೆಯುವ ಯಂತ್ರ ಸುಟ್ಟುಹೋಯಿತು. ಆಪತ್ತಿಗೆಂದು ಇಟ್ಟಿದ್ದ ಪುಟ್ಟ ನೌಕೆಯೂ ಅದರ ಜೊತೆಗೇ ಹೋಯಿತು. ಮೂವರು ಬದುಕಿ ಉಳಿದರು. ಸಿಲಿಂಡರುಗಳಲ್ಲಿ ತುಂಬಿಟ್ಟ ಗಾಳಿ ಸಂಕ್ರಾಂತಿಯವರೆಗೆ ಬಂದೀತು ಎಂಬುದು ಲೆಕ್ಕ. ಬೇರೆ ದೇಶದವರ ನೌಕೆಗಳಿಗೆ ಆ ಕಕ್ಷೆ ಎಟುಕುತ್ತಿರಲಿಲ್ಲ. ಸಣ್ಣ ರಾಕೆಟ್ಟಿನಲ್ಲಿ ಒಂದಿಷ್ಟು ಗಾಳಿ ಕಳಿಸಿ ನೋಡಿದೆವು, ಅದು ನೆಲೆಯ ಬಾಗಿಲು ಸಿಗದೆ ಆಚೆ ತೇಲಿಹೋಯಿತು. ಉಳಿದದ್ದು ನಮ್ಮ ನೌಕೆ, ಅದಕ್ಕೆ ಇದ್ದ ಒಂದೇ ಒಂದು ಟ್ಯಾಂಕು. ಇನ್ನೊಂದು ಟ್ಯಾಂಕು ಕಾರ್ಖಾನೆಯಿಂದ ಹೊರಡಬೇಕಾದರೆ ಯುಗಾದಿ ಬರಬೇಕಿತ್ತು.

ಟ್ಯಾಂಕಿಗೆ ತುಂಬುವುದು ದ್ರವ ಜಲಜನಕ. ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿ ಕೆಳಗಿನ ಚಳಿ ಅದು. ಹೊರಗೆ ನಮ್ಮ ಕರಾವಳಿಯ ಸೆಕೆ. ನಡುವೆ ಆ ನೊರೆಯ ಹೊದಿಕೆ ಇಲ್ಲದಿದ್ದರೆ ಸುತ್ತಲಿನ ಗಾಳಿಯೇ ಟ್ಯಾಂಕಿನ ಮೈಗೆ ಹೆಪ್ಪುಗಟ್ಟುತ್ತದೆ. ನೊರೆಯೆಂದರೆ ಲೆಕ್ಕವಿಲ್ಲದಷ್ಟು ಮುಚ್ಚಿದ ಗುಳ್ಳೆಗಳು. ಗುಳ್ಳೆಗಳ ಗೋಡೆ ಹರಿದರೆ ಹೊರಗಿನ ಗಾಳಿ ಒಳಗೆ ನುಸುಳಿ, ಲೋಹದ ಹತ್ತಿರ ಹೋಗಿ ದ್ರವವಾಗಿ ಕೂರುತ್ತದೆ. ಆಮೇಲೆ ತುಸು ಬಿಸಿ ತಾಕಿದರೂ ಸಾಕು, ಬಾಣಲೆಯಲ್ಲಿ ಭತ್ತ ಅರಳುವ ಹಾಗೆ ಸಿಡಿದು ನೊರೆಯ ತುಂಡನ್ನೇ ಕಿತ್ತು ಹಾರಿಸುತ್ತದೆ. ಕೈಯಲ್ಲಿ ಹಿಡಿದರೆ ಆ ತುಂಡು ರಸ್ಕಿಗಿಂತ ಹಗುರ. ಹಾರುವ ವೇಗದಲ್ಲಿ ಅದೇ ತುಂಡು ಟ್ಯಾಂಕಿನ ಬೆನ್ನಿಗೆ ಕೂತ ನೌಕೆಯ ರೆಕ್ಕೆಗೆ ಬಡಿದರೆ ಶಾಖ ತಡೆಯುವ ಹಂಚುಗಳು ಪುಡಿಯಾಗುತ್ತವೆ. ಹಂಚು ಒಡೆದ ನೌಕೆ ಮೇಲೇನೋ ಹೋಗುತ್ತದೆ, ಇಳಿದು ಬರುವಾಗ ಉರಿದುಹೋಗುತ್ತದೆ. ಮೂವರನ್ನು ಉಳಿಸಲು ಹೋಗಿ ಐವರನ್ನು ಸುಡುವಂತಿರಲಿಲ್ಲ. ಹಾಗಾಗಿ ಟ್ಯಾಂಕಿಗೆ ತುಂಬಿಸಿ ನೋಡುವುದು, ಬಿರುಕು ಕಂಡರೆ ಬರಿದು ಮಾಡುವುದು, ತೇಪೆ ಹಾಕುವುದು, ಮತ್ತೆ ತುಂಬಿಸುವುದು, ಇದೇ ನಮ್ಮ ಬದುಕಾಯಿತು.

ನವರಾತ್ರಿ ಮುಗಿದ ಕೂಡಲೇ ಹಾರಬೇಕಿತ್ತು. ಆಯುಧಪೂಜೆಯ ದಿನ ಎಲ್ಲರೂ ಪಕ್ಕದ ಕೆಲಸದ ಅಟ್ಟಣಿಗೆ ಹತ್ತಿ ಟ್ಯಾಂಕಿಗೆ ಮುಟ್ಟಿ ನಮಸ್ಕಾರ ಮಾಡಿ ಬಂದೆವು. ತುಂಬಿಸಿದಾಗ ಬಿರುಕು ಬಂತು. ನಿರ್ದೇಶಕಿ ಡಾ. ಶಮೀಮ್ ಕಿತ್ತೂರ ನಿಯಂತ್ರಣ ಕೊಠಡಿಯಲ್ಲಿ ನನ್ನ ಕಡೆ ತಿರುಗಿದರು. ಆಕೆ ಗದರುವವರಲ್ಲ. ಗದರಿದ್ದರೇ ಚೆನ್ನಾಗಿತ್ತು.

"ಯಾಕೆ ಬಾಳಿಗಾ?"

"ಉಪ್ಪುಗಾಳಿ ಮೇಡಂ. ಬಿರುಕೆಲ್ಲ ಕಡಲಿನ ಕಡೆಯ ಮೈಯಲ್ಲೇ ಉಂಟು ನೋಡಿ."

ಉಂಟೇನೋ ಹೌದು. ಟ್ಯಾಂಕಿನ ಮೈಯನ್ನು ಚಾಪೆಯ ಹಾಗೆ ಬಿಡಿಸಿಟ್ಟ ಚಿತ್ರ ಪರದೆಯ ಮೇಲಿತ್ತು. ಬಿರುಕುಗಳೆಲ್ಲ ಒಂದೇ ಮಗ್ಗುಲಲ್ಲಿ, ಮೇಲೆ ಕೆಳಗೆ ಮೂರು ಪಟ್ಟಿಗಳಾಗಿ ಕೂತಿದ್ದವು. ಪಟ್ಟಿ ಯಾಕೆ ಎಂದು ಕೇಳಿದವರಿಗೆ ಒಳಗಿನ ಬೆಸುಗೆಯ ಗೆರೆಗಳಿರಬಹುದು ಎಂದೆ. ಕಡಲ ಕಡೆಗೆ ಟಾರ್ಪಾಲಿನ ದೊಡ್ಡ ಮರೆ ಕಟ್ಟಿಸಿದೆ. ನೊರೆ ಸಿಂಪಡಿಸುವ ಯಂತ್ರ ಬದಲಿಸಿದೆ. ದೀಪಾವಳಿಯ ಮುಂಚೆ ಮತ್ತೆ ತುಂಬಿಸಿದೆವು. ಬಿರುಕು ಜಾಸ್ತಿಯಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಯಾರೋ ಹಿಂದಿನ ಸಾಲಿನಲ್ಲಿ ಹೇಳಿದ್ದು ನನಗೆ ಕೇಳಿಸಿತು.

ನಭೋನೆಲೆಯ ಮೂವರಲ್ಲಿ ಒಬ್ಬಳು ಮಹಾನಂದಾ, ಗದಗದ ಕಡೆಯ ಹುಡುಗಿ. ತೂಕವಿಲ್ಲದಲ್ಲಿ ಜೋಳದ ಸಸಿ ಹೇಗೆ ಬೇರು ಬಿಡುತ್ತದೆ ಎಂದು ನೋಡಲು ಹೋದವಳು. ಅವಳ ತಾಯಿ ನೀಲವ್ವನನ್ನು ಕೇಂದ್ರದವರು ಕರೆಸಿ ಅತಿಥಿಗೃಹದಲ್ಲಿ ಇಳಿಸಿದ್ದರು, ವಾರಕ್ಕೊಮ್ಮೆ ಮಗಳ ಜೊತೆ ಮಾತನಾಡಲಿ ಎಂದು. ಅತಿಥಿಗೃಹದ ಕುಚ್ಚಲಕ್ಕಿ ಅನ್ನ ಆಕೆಗೆ ಸೇರಲಿಲ್ಲ. ಒಬ್ಬಳೇ ಹಸಿದು ಕೂತಿದ್ದಾಳೆ ಎಂದು ತಿಳಿದು ನನ್ನ ಹೆಂಡತಿ ವತ್ಸಲಾ ಮನೆಗೆ ಕರೆದುಕೊಂಡು ಬಂದಳು. ಮಕ್ಕಳಿಲ್ಲದ ಮನೆ ನಮ್ಮದು, ಒಂದು ಕೋಣೆ ಖಾಲಿಯಿತ್ತು. ನಾವಿಬ್ಬರೇ ಇದ್ದಾಗ ಕೊಂಕಣಿ, ನೀಲವ್ವ ಬಂದ ಮೇಲೆ ಮನೆಯ ಮಾತು ಕನ್ನಡವಾಯಿತು.

ಮಾರನೆಯ ದಿನವೇ ಆಕೆ ಅಡಿಗೆಮನೆಗೆ ಇಳಿದಳು. ಗದಗದಿಂದ ತಂದ ಹಿಟ್ಟಿನ ಗಂಟು ಬಿಚ್ಚಿ ರೊಟ್ಟಿ ಬಡಿಯಲು ಕೂತಳು. ಅಂಗೈ ಎಂದರೆ ಅಂಗೈ! ಅಗಲ, ಒರಟು, ನಡುವೆ ಬಿಸಿಗೆ ಹದಗೊಂಡ ಚರ್ಮ. ಆ ಕೈಯ ಕೆಳಗೆ ಹಿಟ್ಟಿನ ಉಂಡೆ ಹರಿಯದೆ ಒಡೆಯದೆ ಅಗಲವಾಗುತ್ತಾ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಏನ್ ನೋಡಾಕತ್ತೀರಿ ಸಾಹೇಬ್ರ?"

"ಹರಿಯುವುದೇ ಇಲ್ಲವಲ್ಲ ಅಮ್ಮಾ."

"ಬಿರುಸ್ ಬಡದ್ರ ಹರೀತೈತ್ರಿ. ಕೂಸಿನ ಬೆನ್ನ ತಟ್ಟಿದಾಂಗ ತಟ್ಟಬೇಕು. ನಮ್ಮ ನಂದಾನ್ನೂ ಹಿಂಗ ತಟ್ಟಿ ತಟ್ಟಿ ಮಲಗಸ್ತಿದ್ದೆ."

ವತ್ಸಲಾ ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಯ ಹೊಗೆ ಎಂದಳು. ನಮ್ಮದು ಕರೆಂಟಿನ ಒಲೆ.

ಆ ವಾರ ಮಗಳ ಜೊತೆ ಮಾತನಾಡುವಾಗ ನಾನೂ ಪಕ್ಕದಲ್ಲಿದ್ದೆ. ಪರದೆಯಲ್ಲಿ ಮಹಾನಂದಾಳ ಮುಖ ಊದಿಕೊಂಡಿತ್ತು. ಗಾಳಿ ಉಳಿಸಲು ಮೂವರೂ ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದರು. ಆದರೂ ನಗುತ್ತಿದ್ದಳು.

"ಅವ್ವಾ, ಟ್ಯಾಂಕ್ ನೋಡಿದೇನ?"

"ದೂರದಿಂದ ನೋಡೀನವ್ವ. ಕೆಂಪಗ ಹಳದ್ಯಾಗಿ ಜ್ವಾಳ ತುಂಬೋ ದೊಡ್ಡ ಗುಮ್ಮಿ ನಿಂತಾಂಗ ನಿಂತೈತಿ."

"ದೂರದಿಂದ ಬ್ಯಾಡ. ಹತ್ರ ಹೋಗಿ ನನ್ನ ಹೆಸರ್ಲೆ ಮುಟ್ಟಿ ನಮಸ್ಕಾರ ಮಾಡು. ನಾ ಇಲ್ಲಿ ಬರೂವಾಗೂ ಹಂಗ ಮುಟ್ಟೇ ಬಂದೀನಿ. ಬಾಳಿಗಾ ಸರ್, ಅವ್ವನ್ನ ಮ್ಯಾಲ ಕರಕೊಂಡ್ ಹೋಗ್ರಿ, ಇಲ್ಲ ಅನಬ್ಯಾಡ್ರಿ."

ಇಲ್ಲ ಎನ್ನಲು ನನಗೆ ಯಾವ ಬಾಯಿ? ಮೂರನೆಯ ಸಲ ತುಂಬಿಸುವ ಮೊದಲು ನೀಲವ್ವನನ್ನು ಲಿಫ್ಟಿನಲ್ಲಿ ಅಟ್ಟಣಿಗೆಗೆ ಕರೆದೊಯ್ದೆ. ಅಟ್ಟಣಿಗೆಯಲ್ಲಿ ಕೈಗವಸು ಹಾಕಿಕೊಂಡೇ ಇರಬೇಕೆಂಬುದು ನಿಯಮ. ಕೆಲಸಕ್ಕೆ ಎಲ್ಲರೂ ಹಾಕಿಕೊಳ್ಳುತ್ತಿದ್ದೆವು. ಆದರೆ ಕೈಗವಸು ಹಾಕಿಕೊಂಡು ಯಾರಾದರೂ ನಮಸ್ಕಾರ ಮಾಡುತ್ತಾರೆಯೇ? ಪಾಳಿ ಹತ್ತುವವರು, ಇಳಿಯುವವರು, ಚಾಲಕರು, ಬೆಸುಗೆಯವರು, ಅಡಿಗೆಯವರು, ನಾನು, ಡಾ. ಕಿತ್ತೂರ, ಎಲ್ಲರೂ ಗವಸು ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಬರಿಗೈಯಲ್ಲಿ ಟ್ಯಾಂಕನ್ನು ಒತ್ತಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಮೊದಲೆಲ್ಲ ಉಡಾವಣೆಗೆ ಒಂದೇ ಸಲ ಹೀಗೆ ಮಾಡುತ್ತಿದ್ದದ್ದು. ಮುಂದೂಡಿಕೆ ಹೆಚ್ಚಿದ ಹಾಗೆಲ್ಲ ಭಯ ಹೆಚ್ಚಿತು, ಭಯ ಹೆಚ್ಚಿದ ಹಾಗೆ ನಮಸ್ಕಾರವೂ ಹೆಚ್ಚಿತು. ಆಮೇಲಾಮೇಲೆ ಪಾಳಿಗೆ ಎರಡು ಸಲ ಆಯಿತು. ಕೆಳಗಿನ ಅಟ್ಟಣಿಗೆಯಲ್ಲಿ ಕೆಲವರು ಮೊಣಕಾಲೂರಿ ಟ್ಯಾಂಕಿನ ಬುಡಕ್ಕೆ ಹಣೆ ಮುಟ್ಟಿಸುತ್ತಿದ್ದರು.

ನೀಲವ್ವ ಎರಡೂ ಅಂಗೈ ಊರಿ ಬಹಳ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ ತಟ್ಟಿದಳು. "ಏಳಪ್ಪಾ, ಏಳು. ನನ್ನ ಮಗಳನ್ನ ಕರಕೊಂಡ್ ಬಾ" ಎಂದಳು. ಸುತ್ತ ನಿಂತ ಗಂಡಸರೆಲ್ಲ ತಲೆ ತಗ್ಗಿಸಿದ್ದರು. ಇಳಿಯುವಾಗ ನೀಲವ್ವ ಕೆಳಗಿನ ಅಟ್ಟಣಿಗೆಯಲ್ಲಿ ಟ್ಯಾಂಕಿನ ಬುಡಕ್ಕೆ ಹಣೆಯನ್ನೂ ಮುಟ್ಟಿಸಿದಳು. ತಾಯಿಯ ಕೈ ತಾಗಿತು, ಈ ಸಲ ಹಾರಿಯೇ ಹಾರುತ್ತದೆ ಎಂದು ಒಬ್ಬ ಹೇಳಿದ. ನನಗೂ ಹಾಗೇ ಅನ್ನಿಸಿತ್ತು.

ಹಾರಲಿಲ್ಲ. ಈ ಸಲ ತುಂಡೊಂದು ಕಣ್ಣೆದುರೇ ಕಳಚಿ ಬಿತ್ತು. ಅದು ಬಿದ್ದ ಜಾಗದಲ್ಲಿ ಹೊಗೆಯಂತೆ ಬಿಳಿ ಆವಿ ಏಳುವುದನ್ನು ನಾವೆಲ್ಲ ಪರದೆಯಲ್ಲಿ ನೋಡಿದೆವು.

ಡಾ. ಕಿತ್ತೂರ ವಿಚಾರಣೆಗೆ ಕೂತರು. ಅಟ್ಟಣಿಗೆ ಹತ್ತಿದ ಪ್ರತಿಯೊಬ್ಬರನ್ನೂ ಕರೆಸಿ, ಟ್ಯಾಂಕಿಗೆ ಏನಾದರೂ ತಾಗಿಸಿದ್ದೀರಾ, ಕೈಯಲ್ಲಿ ಮುಟ್ಟಿದ್ದೀರಾ ಎಂದು ಕೇಳಿದರು. ಎಲ್ಲರೂ ಇಲ್ಲ ಎಂದರು. ನಾನೂ ಇಲ್ಲ ಎಂದೆ. ಯಾರೂ ಸುಳ್ಳು ಹೇಳಿದ್ದಲ್ಲ. ನಮಸ್ಕಾರ ಮಾಡುವುದನ್ನು ಮುಟ್ಟುವುದು ಎಂದು ನಮ್ಮಲ್ಲಿ ಯಾರು ಎಣಿಸುತ್ತಾರೆ?

ಕಾರ್ತಿಕ ಮಾಸದ ಕೊನೆಯ ಸೋಮವಾರ ನೀಲವ್ವ ಈಶ್ವರನ ಗುಡಿಗೆ ಹೋಗಬೇಕೆಂದಳು. ಸೇತುವೆ ದಾಟಿದರೆ ಹೊಳೆಯ ಆಚೆ ದಡದಲ್ಲಿ ಒಂದು ಹಳೆಯ ಗುಡಿಯಿದೆ. ಸಂಜೆ ನಾವು ಮೂವರೂ ಹೋದೆವು. ಹೆಂಗಸರಿಬ್ಬರೂ ಒಳಗೆ ದೀಪ ಹಚ್ಚುತ್ತಿದ್ದರು. ನಾನು ಹೊರಗೆ ಕಲ್ಲಿನ ಬಸವನ ಪಕ್ಕ, ತಲೆ ಕೆಟ್ಟು, ನಿಂತಿದ್ದೆ. ಬರುವವರೆಲ್ಲ ಬಸವನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದರು. ನಾನೂ ಅಭ್ಯಾಸದಂತೆ ಕೈ ಇಟ್ಟೆ. ಕೈ ಒಂದು ತಗ್ಗಿನಲ್ಲಿ ಕೂತಿತು.

ಬಸವನ ಮೈಯೆಲ್ಲ ಒರಟು ಕಲ್ಲು. ಬಲಗಡೆಯ ಬೆನ್ನಿನ ಮೇಲೆ, ನಿಂತವರ ಕೈಗೆ ಸಿಗುವಲ್ಲಿ ಮಾತ್ರ, ನುಣುಪಾದ ಹಳ್ಳ. ಪಾದದ ಹತ್ತಿರ, ಬಗ್ಗಿ ಹಣೆ ಮುಟ್ಟಿಸುವಲ್ಲಿ, ಇನ್ನೊಂದು. ಕಲ್ಲು ಸವೆದಿತ್ತು! ಯಾರೂ ಉಜ್ಜಿರಲಿಲ್ಲ, ಕೆತ್ತಿರಲಿಲ್ಲ. ಬರೀ ಭಕ್ತಿಯಿಂದ ಸವೆದಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಪರದೆಯ ಮೇಲಿನ ಚಿತ್ರದಲ್ಲಿ ಬರೀ ಟ್ಯಾಂಕಿತ್ತು. ಅದರ ಪಕ್ಕದ ಅಟ್ಟಣಿಗೆಗಳನ್ನು ಯಾರೂ ಬರೆದಿರಲಿಲ್ಲ, ಇಂಧನ ತುಂಬುವಾಗ ಅವುಗಳನ್ನು ಹಿಂದಕ್ಕೆ ಸರಿಸುತ್ತಿದ್ದೆವಲ್ಲ! ಬಿರುಕಿನ ಪಟ್ಟಿಗಳು ಮೂರು, ಅಟ್ಟಣಿಗೆಗಳೂ ಮೂರು. ಅಟ್ಟಣಿಗೆಗಳಿದ್ದದ್ದೂ ಕಡಲಿನ ಕಡೆಗೇ. ಪ್ರತಿ ಅಟ್ಟಣಿಗೆಯ ಮೇಲೆ ನಿಂತವನ ಎದೆಯ ಎತ್ತರಕ್ಕೆ ಬಿರುಕು. ಕೆಳಗಿನದರಲ್ಲಿ ಮಾತ್ರ ನೆಲಕ್ಕೆ ಹತ್ತಿರ ಇನ್ನೊಂದಿಷ್ಟು, ಹಣೆ ಮುಟ್ಟಿಸುವಲ್ಲಿ.

"ಎಂತ ಆಯ್ತು ಮಾರಾಯ್ರೆ? ಮುಖ ಯಾಕೆ ಹೀಗೆ ಮಾಡಿದ್ದೀರಿ?" ಎಂದು ವತ್ಸಲಾ ಪ್ರಸಾದ ಹಿಡಿದು ಬಂದಳು. ನೀವು ರಿಕ್ಷಾದಲ್ಲಿ ಮನೆಗೆ ಹೋಗಿ ಎಂದು ಹೇಳಿ ನಾನು ಪ್ರಯೋಗಶಾಲೆಗೆ ಓಡಿದೆ.

ಒಂದೇ ಹಾಳೆಯಿಂದ ನೊರೆಯ ಎರಡು ಚೌಕ ಕತ್ತರಿಸಿದೆ. ಒಂದನ್ನು ಹಾಗೇ ಇಟ್ಟೆ. ಇನ್ನೊಂದಕ್ಕೆ ನಾನೂ ಅಲ್ಲಿದ್ದ ಸಹಾಯಕರೂ ಸರದಿಯಲ್ಲಿ ನಮಸ್ಕಾರ ಮಾಡುತ್ತಾ ಹೋದೆವು. ಅಂಗೈ ಒತ್ತುವಾಗ ನೊರೆ ಕೂದಲೆಳೆಯಷ್ಟು ತಗ್ಗಿ, ಕೈ ತೆಗೆದೊಡನೆ ಮೊದಲಿನ ಹಾಗೇ ಉಬ್ಬಿ ನಿಲ್ಲುತ್ತಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ಎರಡೂ ಚೌಕಗಳನ್ನು ಹೆಪ್ಪುಗಟ್ಟಿಸುವ ತೊಟ್ಟಿಗೆ ಇಳಿಸಿ ತೆಗೆದೆವು. ಮುಟ್ಟದ ಚೌಕ ಮದುಮಗನಂತೆ ಕೂತಿತ್ತು. ಮುಟ್ಟಿದ ಚೌಕ ಟಪ್ಪೆಂದು ಸಿಡಿಯಿತು.

ಮಾರನೆಯ ಬೆಳಗ್ಗೆ ನಿಯಂತ್ರಣ ಕೊಠಡಿಯಲ್ಲಿ ಎರಡೂ ಚೌಕಗಳನ್ನು ಡಾ. ಕಿತ್ತೂರರ ಮೇಜಿನ ಮೇಲಿಟ್ಟೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾನು ದಿನಾ ಮಾಡ್ತಿದ್ದೆ ಬಾಳಿಗಾ. ಬಿಸ್ಮಿಲ್ಲಾ ಅಂತ ಹೇಳಿ ಕೈ ಇಡ್ತಿದ್ದೆ."

"ಎಲ್ಲರೂ ಮಾಡ್ತಿದ್ದದ್ದೇ ಮೇಡಂ."

"ಸರಿಪಡಿಸೋಕೆ ಆಗುತ್ತಾ?"

"ಮೂರೂ ಪಟ್ಟಿಗಳನ್ನು ಲೋಹದವರೆಗೆ ಕೆತ್ತಿ ತೆಗೆದು ಹೊಸ ನೊರೆ ಹಾಕ್ಬೇಕು. ಅದು ಗಟ್ಟಿಯಾಗ್ಲಿಕ್ಕೆ ಒಣ ಹವೆ ಬೇಕು. ಹವೆ ಸರಿ ಇದ್ರೆ ಸಂಕ್ರಾಂತಿಗೆ ಮೊದ್ಲೇ ಹಾರ್ಬಹುದು."

"ಮಾಡಿ. ಇವತ್ತಿನಿಂದ ಯಾರೂ ಮುಟ್ಟಕೂಡದು. ಆ ತಾಯಿಗೆ ಮಾತ್ರ ಏನೂ ಹೇಳಬೇಡಿ. ಉಪ್ಪುಗಾಳಿ ಅಂತಲೇ ಇರಲಿ."

ಮನೆಯಲ್ಲಿ ವತ್ಸಲಾಳೂ ಅದನ್ನೇ ಹೇಳಿದಳು. "ಹೇಳ್ಬೇಡಿ ಆಯ್ತಾ. ಗೊತ್ತಾದ್ರೆ ಅವರು ಬದುಕುದುಂಟಾ?" ನಾನು ತಲೆಯಾಡಿಸಿದೆ. ಒಳಗೆ ನೀಲವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ನನಗೆ ಕೂರಲಾಗಲಿಲ್ಲ.

ಹವೆ ಸರಿಯಿರಲಿಲ್ಲ. ಕೆತ್ತಿ ಮುಗಿಸಿ ಹೊಸ ನೊರೆ ಹಾಕಿದೆವೋ ಇಲ್ಲವೋ, ಕಡಲಿನಲ್ಲಿ ವಾಯುಭಾರ ಕುಸಿದು ಅಕಾಲದ ಮಳೆ ಹಿಡಿಯಿತು. ಹಾಕಿದ ನೊರೆ ತೇವ ಕುಡಿದು ಮೆತ್ತಗಾಯಿತು. ಎಲ್ಲವನ್ನೂ ಕೆತ್ತಿ ತೆಗೆದು ಮತ್ತೆ ಹಾಕಿದೆವು. ಸುತ್ತಲೂ ಬಿಸಿಗಾಳಿಯ ಯಂತ್ರ ಇಟ್ಟು, ಬಾಣಂತಿಯನ್ನು ಕಾದ ಹಾಗೆ ಟ್ಯಾಂಕನ್ನು ಕಾದೆವು. ದಿನಗಳು ಕೈಜಾರಿ ಹೋದವು. ಮೇಲಿನವರು ಈಗ ಮಾತನ್ನೂ ಕಡಿಮೆ ಮಾಡಿದ್ದರು, ಮಾತಿಗೂ ಗಾಳಿ ಬೇಕಲ್ಲ. ಎಲ್ಲ ಮುಗಿದು ತುಂಬಿಸಲು ಇನ್ನೇನು ಒಂದು ದಿನ ಇದೆ ಎನ್ನುವಾಗ ಸಂಕ್ರಾಂತಿ ಹತ್ತಿರವಿತ್ತು.

ಆ ಮಧ್ಯಾಹ್ನ ನಾನು ಅಟ್ಟಣಿಗೆಯಲ್ಲಿ ಹೊಸ ನೊರೆಯನ್ನು ಪರೀಕ್ಷಿಸುತ್ತಿದ್ದೆ. ಲಿಫ್ಟ್ ಬಾಗಿಲು ತೆರೆಯಿತು. ನೀಲವ್ವ! ಕಾವಲುಗಾರರಿಗೆ ಯಾರೂ ಮುಟ್ಟಬಾರದೆಂದು ಹೇಳಿದ್ದೆವು, ಈ ತಾಯಿಯನ್ನು ಮೇಲೆ ಬಿಡಬಾರದೆಂದು ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ. ಆಕೆಯ ಕೈಯಲ್ಲಿ ಎಳ್ಳುಬೆಲ್ಲದ ಪೊಟ್ಟಣವಿತ್ತು. ನನ್ನನ್ನು ನೋಡಿ ನಕ್ಕಳು.

"ನಾಳೆ ಏಳ್ತೈತಂತಲ್ರಿ ಸಾಹೇಬ್ರ. ನಂದಾನ ಹೆಸರ್ಲೆ ಒಮ್ಮಿ ಮುಟ್ಟಿ ಹೋಗ್ತೇನಿ."

ಹೇಳುತ್ತಲೇ ಕೈ ಚಾಚಿದಳು. ನಾನು ಹಾರಿ ಆಕೆಯ ಮಣಿಕಟ್ಟು ಹಿಡಿದುಬಿಟ್ಟೆ. ಮೆಲ್ಲಗೆ ಅಲ್ಲ. ಪೊಟ್ಟಣ ಬಿದ್ದು ಎಳ್ಳು ಅಟ್ಟಣಿಗೆಯ ಜಾಲರಿಯ ಕಿಂಡಿಗಳಲ್ಲಿ ಕೆಳಗೆ ಉದುರಿತು. ನನಗಿಂತ ಹಿರಿಯ ಹೆಂಗಸಿನ ಕೈ ನನ್ನ ಮುಷ್ಟಿಯಲ್ಲಿತ್ತು, ಸುತ್ತ ಕೆಲಸದವರೆಲ್ಲ ನೋಡುತ್ತಿದ್ದರು.

"ಯಾಕ್ರಿ?" ಎಂದಳು ನೀಲವ್ವ.

ಉಪ್ಪುಗಾಳಿ ಎನ್ನಲು ಬಾಯಿ ತೆರೆದೆ. ಆಕೆ ಆಗಲೇ ನನ್ನ ಮುಖ ಬಿಟ್ಟು ಟ್ಯಾಂಕಿನ ಕಡೆ ನೋಡುತ್ತಿದ್ದಳು. ಹಳೆಯ ನೊರೆ ಬಿಸಿಲಿಗೆ ಕೆಂಪಾಗಿತ್ತು. ಹೊಸದು ಮಾತ್ರ ಹಸಿ ಹಳದಿ, ಆಕೆಯ ಎದೆಯ ಎತ್ತರಕ್ಕೆ, ಅಗಲವಾದ ಪಟ್ಟಿ. ನೀಲವ್ವ ಇನ್ನೊಂದು ಕೈಯನ್ನು ಮುಟ್ಟದೆ, ಗಾಳಿಯಲ್ಲೇ, ಆ ಪಟ್ಟಿಯ ಎದುರು ಹಿಡಿದಳು. ಹೊಸ ಹಳದಿಯ ನಡುಮಧ್ಯಕ್ಕೆ ಅಂಗೈ ಸರಿಯಾಗಿ ನಿಂತಿತು. ಕೆಳಗೆ ಬಗ್ಗಿ ನೋಡಿದಳು. ಕೆಳಗಿನ ಅಟ್ಟಣಿಗೆಯಲ್ಲಿ, ತಾನೇ ಒಂದು ದಿನ ಹಣೆಯಿಟ್ಟಿದ್ದ ಬುಡದಲ್ಲೂ ಅದೇ ಹಳದಿ ಇತ್ತು.

"ಇದು ನನ್ನ ಕೈ ಏನ್ರಿ ಸಾಹೇಬ್ರ?"

"ನಿಮ್ಮದೊಂದೇ ಅಲ್ಲ ಅಮ್ಮಾ. ನನ್ನದು, ಇಲ್ಲಿರುವ ಎಲ್ಲರದು. ನೀವು ಬರುವ ಮೊದಲೇ ಎರಡು ಸಲ ಒಡೆದಿತ್ತು. ನಿಮ್ಮಿಂದ ಆದದ್ದಲ್ಲ."

"ಮೂರನೇದಕ್ಕ ನಾ ಮುಟ್ಟಿದ್ದೆ."

ನಾನು ಆಕೆಯ ಮಣಿಕಟ್ಟು ಬಿಟ್ಟೆ. ಏನು ಹೇಳಿದರೂ ಸುಳ್ಳಾಗುತ್ತಿತ್ತು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಗಂಟು ಹಾಕಿದ ಹಾಗೆ ಸುತ್ತಿಕೊಂಡಳು. ಲಿಫ್ಟಿನ ಗುಂಡಿಯನ್ನೂ ತಾನು ಒತ್ತಲಿಲ್ಲ. ನಾನೇ ಒತ್ತಬೇಕಾಯಿತು.

ಆ ಸಂಜೆ ಮೇಲಿನಿಂದ ಕರೆ ಬಂತು. ಮಹಾನಂದಾಳ ಮುಖ ಕಾಣಿಸಲಿಲ್ಲ, ಚಿತ್ರ ಕಳಿಸುವ ಯಂತ್ರ ಆರಿಸಿದ್ದರು. ದನಿ ಮಾತ್ರ, ಅದೂ ಮೂರು ಮಾತಿಗೊಮ್ಮೆ ನಿಲ್ಲುತ್ತಿತ್ತು.

"ಅವ್ವಾ... ಮುಟ್ಟಿ ಬಂದೇನ?"

ನೀಲವ್ವ ನನ್ನ ಕಡೆ ನೋಡಿದಳು. ಕೈ ಇನ್ನೂ ಸೆರಗಿನೊಳಗೇ ಇತ್ತು. ಮಗಳಿಗೆ ಆಕೆ ಹಿಂದೆಂದಾದರೂ ಸುಳ್ಳು ಹೇಳಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ.

"ಮುಟ್ಟೀನವ್ವ. ಎರಡೂ ಕೈಲೆ ಮುಟ್ಟೀನಿ."

"ಹಂಗಾರ ಬರ್ತೈತಿ ಬಿಡು" ಎಂದಳು ಮಹಾನಂದಾ. ಆಮೇಲೆ ಸ್ವಲ್ಪ ಹೊತ್ತು ಉಸಿರು ಕೇಳಿಸಿತು. ಆಮೇಲೆ ಸಂಪರ್ಕ ಕಡಿಯಿತು.

ಮರುದಿನ ಅಟ್ಟಣಿಗೆಗಳನ್ನು ಹಿಂದಕ್ಕೆ ಸರಿಸಿ ಟ್ಯಾಂಕು ತುಂಬಿಸಿದೆವು. ಒಂದು ಬಿರುಕೂ ಬರಲಿಲ್ಲ. ನೌಕೆ ಎದ್ದಿತು. ಬಾಲದ ಬೆಂಕಿ ಕಡಲಿನ ಮೇಲೆ ದಕ್ಷಿಣಕ್ಕೆ ಬಾಗಿ ಹೋಗಿ ಚುಕ್ಕೆಯಾಯಿತು. ಟ್ಯಾಂಕಿಗೆ ಕಟ್ಟಿದ ಕ್ಯಾಮೆರಾದಲ್ಲಿ ನಾನು ರೆಪ್ಪೆ ಮಿಟುಕಿಸದೆ ಆ ಮೂರು ಪಟ್ಟಿಗಳನ್ನೇ ನೋಡುತ್ತಿದ್ದೆ. ಚಿಟಿಕೆಯಷ್ಟು ನೊರೆಯೂ ಕಳಚಲಿಲ್ಲ. ಇಡೀ ವೃತ್ತಿಯಲ್ಲಿ ಅಷ್ಟು ಒಳ್ಳೆಯ ನೊರೆಯನ್ನು ನಾನು ಹಾಕಿರಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಲು ಶುರು ಮಾಡಿ ತಾನಾಗಿಯೇ ನಿಲ್ಲಿಸಿದ. ಬೆಳಗಿನಿಂದ ನಭೋನೆಲೆ ಉತ್ತರ ಕೊಡುತ್ತಿರಲಿಲ್ಲ.

ಸಂಕ್ರಾಂತಿಯ ದಿನ ನೌಕೆ ನೆಲೆಯನ್ನು ಸೇರಿತು. ಚಾಲಕರು ಒಳಗೆ ಹೋದರು. ಮೂವರೂ ತಮ್ಮ ತಮ್ಮ ಮಲಗುವ ಚೀಲಗಳಲ್ಲಿದ್ದರು. ಕೊನೆಯ ಸಿಲಿಂಡರಿನ ಮುಚ್ಚಳ ಸರಿಯಾಗಿ ಕೂರದೆ ಗಾಳಿ ಸೋರಿತ್ತಂತೆ, ಲೆಕ್ಕಕ್ಕಿಂತ ಬೇಗ ಮುಗಿದಿತ್ತು. ಮಹಾನಂದಾಳ ಚೀಲದ ಪಕ್ಕ ಜೋಳದ ಸಸಿಗಳ ಪೆಟ್ಟಿಗೆ ಇತ್ತು, ಅವು ಮಾತ್ರ ಹಸಿರಾಗಿದ್ದವು ಎಂದು ಚಾಲಕ ರೇಡಿಯೋದಲ್ಲಿ ಹೇಳಿದ. ಡಾ. ಕಿತ್ತೂರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆದರು. ನಾನು ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಹೇಳಬೇಕಾಗಲಿಲ್ಲ. ವತ್ಸಲಾ ಅಳತೊಡಗಿದಳು, ನೀಲವ್ವ ಅಳಲಿಲ್ಲ.

"ಒಂದು ಸಲ ಬರೇ ದೂರದಿಂದ ನೋಡಿದ್ರ ಆಗ್ತಿತ್ತಲ್ರಿ" ಎಂದಳು, ಅಷ್ಟೇ.

ಅಟ್ಟಣಿಗೆಯಿಂದ ಇಳಿದು ಬಂದ ದಿನದಿಂದಲೇ ಆಕೆ ರೊಟ್ಟಿ ಬಡಿದಿರಲಿಲ್ಲ. ಗದಗದ ಹಿಟ್ಟಿನ ಗಂಟು ಮೂಲೆಯಲ್ಲಿ ಕಟ್ಟಿದ ಹಾಗೇ ಇತ್ತು. ವತ್ಸಲಾ ಗಂಜಿ ಮಾಡಿ ಕೊಟ್ಟರೆ ಒಂದೆರಡು ಚಮಚ ಉಣ್ಣುತ್ತಿದ್ದಳು, ಆಮೇಲೆ ಕೈ ಮತ್ತೆ ಸೆರಗಿನೊಳಗೆ. ನಾನು ಕಾರಣವನ್ನು ಎಲ್ಲ ಕೇಂದ್ರಗಳಿಗೂ ಬರೆದು ಕಳಿಸಿದೆ. ಇನ್ನು ಮುಂದೆ ಯಾವ ಟ್ಯಾಂಕಿಗೂ ಯಾರ ಕೈಯೂ ತಾಗುವಂತಿರಲಿಲ್ಲ. ಬರೆದ ವರದಿಯಲ್ಲಿ ಕೈಗಳ ಒತ್ತಡ ಎಂದಿತ್ತು. ಪ್ರಾರ್ಥನೆ ಎಂಬ ಮಾತು ಎಲ್ಲಿಯೂ ಇರಲಿಲ್ಲ.

ನೌಕೆ ಕುದ್ರುವಿನ ಓಡುಹಾದಿಗೆ ಇಳಿದ ಬೆಳಗ್ಗೆ ಊರಿಗೆ ಊರೇ ಸೇರಿತ್ತು. ಮೂರು ಪೆಟ್ಟಿಗೆಗಳನ್ನು ಚಪ್ಪರದಡಿ ಇಟ್ಟಿದ್ದರು. ಪೆಟ್ಟಿಗೆಗೆ ಮುಖದ ಜಾಗದಲ್ಲಿ ಗಾಜಿತ್ತು. ಜನ ಸಾಲುಗಟ್ಟಿ ಬಂದು ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತಿದ್ದರು. ಅಟ್ಟಣಿಗೆಯ ಕೆಲಸದವರು ಬಂದರು. ಮುಂದಿನವನು ಅಭ್ಯಾಸಕ್ಕೆ ಕೈ ಚಾಚಿ, ನನ್ನನ್ನು ನೋಡಿ, ಹಿಂದಕ್ಕೆ ಎಳೆದುಕೊಂಡ. ಅವರೆಲ್ಲ ದೂರದಿಂದಲೇ ಕೈಮುಗಿದು ಹೋದರು.

ನೀಲವ್ವನನ್ನು ವತ್ಸಲಾ ತೋಳು ಹಿಡಿದು ಮುಂದೆ ತಂದಳು. ಆಕೆ ಮಗಳ ಪೆಟ್ಟಿಗೆಯ ಹತ್ತಿರ ಬಂದು ನಿಂತಳು, ಗಾಜಿನೊಳಗೆ ಬಗ್ಗಿ ನೋಡಿದಳು. ಮುಖದ ಊತ ಇಳಿದು ಮಹಾನಂದಾ ನಿದ್ದೆ ಹೋದ ಹುಡುಗಿಯ ಹಾಗಿದ್ದಳು. ತಾಯಿ ಈಗ ಪೆಟ್ಟಿಗೆಯ ಮೇಲೆ ಬೀಳುತ್ತಾಳೆ, ಈಗ ಅಪ್ಪಿಕೊಳ್ಳುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು. ಆಕೆ ಅಲುಗಾಡಲಿಲ್ಲ. ಸೆರಗಿನೊಳಗೆ ಬೆರಳುಗಳು ಮಾತ್ರ ಒಂದನ್ನೊಂದು ಹಿಸುಕುತ್ತಿದ್ದವು. ಆಮೇಲೆ ನನ್ನನ್ನು ಹುಡುಕಿ ತಿರುಗಿದಳು, ಲಿಫ್ಟಿನ ಮುಂದೆ ನಿಂತಿದ್ದ ಹಾಗೇ.

"ಸಾಹೇಬ್ರ, ಇದನ್ನ ಮುಟ್ಟಬಹುದೇನ್ರಿ?"

ಅಷ್ಟು ದಿನ ತಡೆದಿಟ್ಟ ಅಳು ನನಗೆ ಆಗ ಬಂತು. "ಮುಟ್ಟಿ ಅಮ್ಮಾ" ಎಂದೆ. "ಮುಟ್ಟಿ. ಇನ್ನು ಏನೂ ಆಗುವುದಿಲ್ಲ."

ಗಾಜಿನ ಮೇಲಿದ್ದ ಹೂಗಳನ್ನು ಸರಿಸಿ ಜಾಗ ಮಾಡಿಕೊಟ್ಟೆ. ಸೆರಗಿನಿಂದ ಕೈ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.